ಎಡಗಿವಿಯ ಹತ್ತಿ

ಜನವರಿ 6, ಸೋಮವಾರ

ಲ್ಯಾಬಿಗೆ ಕೆಮಿಕಲ್ ಸಪ್ಲೈ ಮಾಡುವವನು ಈ ಸಲ ಸ್ವೀಟ್ ಬಾಕ್ಸಿನ ಬದಲು ಡೈರಿ ಕೊಟ್ಟ. ಪ್ರತಿ ಪುಟದ ಕೆಳಗೂ ಬದುಕಿನ ಬಗ್ಗೆ ಒಂದು ಉಪದೇಶ ಅಚ್ಚು ಹಾಕಿಸಿದ್ದಾರೆ. ಮೈಸೂರುಪಾಕು ಕೊಟ್ಟಿದ್ದರೆ ನನ್ನ ಬದುಕು ಇದಕ್ಕಿಂತ ಬೇಗ ಸುಧಾರಿಸುತ್ತಿತ್ತು. ಬಿಸಾಡಲು ಮನಸ್ಸಾಗದೆ, ಉಪದೇಶದ ಮೇಲೆ ಗೆರೆ ಎಳೆದು ಬರೆಯುತ್ತಿದ್ದೇನೆ.

ಮೊದಲ ಪುಟ ತುಂಬಿದೆ. ಹೆಸರು ಶೀಲಾ. ವಯಸ್ಸು ಐವತ್ತೆರಡು. ಊರು ಶಿವಮೊಗ್ಗ, ಹೊಸಮನೆ. ಕೆಲಸ, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಜನರಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವುದು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂದು ಎರಡು ಗೆರೆ ಬಿಟ್ಟಿದ್ದರು. ಒಂದರಲ್ಲಿ ನಾಗೇಶ್, ಗಂಡ ಎಂದು ಬರೆದೆ. ಅವರಿಗೆ ತಿಳಿಸಿದರೂ ಪೇಪರು ಓದಿ ಮುಗಿಸಿಯೇ ಬರುತ್ತಾರೆ. ಇನ್ನೊಂದು ಗೆರೆ ಖಾಲಿ ಬಿಟ್ಟೆ.

ಜನವರಿ 9, ಗುರುವಾರ

ಭದ್ರಾವತಿಯ ಸ್ಯಾಂಪಲ್ ಡಬ್ಬಿಯಲ್ಲಿ ಇವತ್ತು ನಾಲ್ಕು ಸ್ಲೈಡ್ ಇದ್ದವು. ಗಂಟಲಿನ ಗಂಟಿಗೆ ಸೂಜಿ ಹಾಕಿ ತೆಗೆದದ್ದು. ಚೀಟಿಯಲ್ಲಿ ಸಮತಾ, 55, ಜನ್ನಾಪುರ ಎಂದಿತ್ತು. ಭದ್ರಾವತಿಯಲ್ಲಿ ಒಬ್ಬಳೇ ಸಮತಾ ಇದ್ದಾಳೇನು ಎಂದುಕೊಂಡೆ. ಆದರೆ ಕೆಳಗೆ ಸಹಿ ಇತ್ತಲ್ಲ. ಎಲ್‌ಕೆಜಿ ಮಕ್ಕಳಿಗೆ ತಿದ್ದಲು ಬರೆದುಕೊಡುವ ಹಾಗೆ ದುಂಡು ದುಂಡು ಅಕ್ಷರ. ಮೂವತ್ತು ವರ್ಷದಿಂದ ಆ ಕೆಲಸವನ್ನೇ ಮಾಡುತ್ತಿರುವವಳು ಇನ್ನು ಹೇಗೆ ಸಹಿ ಹಾಕುತ್ತಾಳೆ?

ಅವಳೇ. ಜನ್ನಾಪುರದವಳು.

ಎರಡು ವರ್ಷ ಎಂಟು ತಿಂಗಳಾಯಿತು ಮಾತು ಬಿಟ್ಟು. ಲೆಕ್ಕ ಇಟ್ಟಿಲ್ಲ, ಸುಮ್ಮನೆ ಗೊತ್ತು.

ಜನವರಿ 10, ಶುಕ್ರವಾರ

ಡಾಕ್ಟರು ಸ್ಲೈಡ್ ನೋಡಿ, 'ಇದರಲ್ಲಿ ಹೇಳಕ್ಕಾಗಲ್ಲ ಶೀಲಾ, ಗಂಟು ತೆಗೆದೇ ನೋಡಬೇಕು' ಅಂದರು. ಪೇಶೆಂಟು ನನಗೇನಾಗಬೇಕು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಿಪೋರ್ಟ್ ಟೈಪ್ ಮಾಡಿ ಕಳಿಸಿದೆ.

ಮನೆಗೆ ಬಂದು ಕೂತ ಮೇಲೆ ಸಿಟ್ಟು ಬಂತು. ಗಂಟು ಆಗುವುದಕ್ಕೆ ಅವಳಿಗೆ ಬೇರೆ ಜಾಗ ಸಿಗಲಿಲ್ಲವೇ? ಕಾಲಿದೆ, ಬೆನ್ನಿದೆ.

ಬರೆದುಬಿಡುತ್ತೇನೆ, ಹೇಗೂ ಯಾರೂ ಓದುವುದಿಲ್ಲ. ನಾವಿಬ್ಬರು ಅಕ್ಕತಂಗಿಯರು ಚಿಕ್ಕವರಿದ್ದಾಗ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಪುಟ್ಟಪ್ಪ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಪಕ್ಕದ ಮನೆ ಫೋರ್‌ಮನ್ ಆರೋಗ್ಯಸ್ವಾಮಿಯವರದು. ಯಾವುದೋ ಯಂತ್ರ ಜೋಡಿಸಲು ಬಂದಿದ್ದ ಅಮೆರಿಕದವನೊಬ್ಬ ಹೋಗುವಾಗ ಅವರಿಗೆ ಒಂದು ಮ್ಯಾಂಡೊಲಿನ್, ಒಂದು ಗಿಟಾರು, ನಾಲ್ಕು ರೆಕಾರ್ಡು ಬಿಟ್ಟುಹೋಗಿದ್ದ. ರೆಕಾರ್ಡಿನ ಕವರಿನ ಮೇಲೆ ಟೋಪಿ ಹಾಕಿದ ಇಬ್ಬರು ಅಣ್ಣತಮ್ಮಂದಿರು. ಮುಖ ನೋಡಿದರೆ ಈಗಷ್ಟೇ ಒಬ್ಬರಿಗೊಬ್ಬರು ಬೈದುಕೊಂಡು ಬಂದ ಹಾಗಿತ್ತು. ಪಕ್ಕದ ಮನೆಯಲ್ಲಿ ದಿನವೂ ಕಿತ್ತಾಡುವ ಇಬ್ಬರು ಹುಡುಗಿಯರನ್ನು ನೋಡಿ ಆರೋಗ್ಯಸ್ವಾಮಿಯವರಿಗೆ ನಮಗೇ ಆ ಹಾಡು ಕಲಿಸಬೇಕು ಅನ್ನಿಸಿತಂತೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಪಾಠ ಆಗುತ್ತಿರಲಿಲ್ಲ. ಹಾಗಾಗಿ ಅವರಿಗೆ ಫಸ್ಟ್ ಶಿಫ್ಟ್ ಇದ್ದ ವಾರ ಸಂಜೆ ಅವಳಿಗೆ, ಸೆಕೆಂಡ್ ಶಿಫ್ಟ್ ಇದ್ದ ವಾರ ಬೆಳಿಗ್ಗೆ ನನಗೆ. ಮೂರು ತಿಂಗಳಾದ ಮೇಲೆ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರು. ನನ್ನ ಎಡಗಿವಿಗೂ ಅವಳ ಬಲಗಿವಿಗೂ ಹತ್ತಿ ತುರುಕಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, 'ಅವ ಪಾಡ್ರದು ನಿನಗೆ ಬೇಡಮ್ಮಾ. ನೀ ನಿಂದು ಪಾಡು' ಅಂದರು.

ಅಂದಿನಿಂದ ನಾವು ಹತ್ತಿ ಇಲ್ಲದೆ ಹಾಡಿದ್ದೇ ಇಲ್ಲ. ಆಯುಧಪೂಜೆಗೆ, ಕ್ಲಬ್ ಡೇಗೆ, ಯಾರೋ ರಿಟೈರ್ ಆದದ್ದಕ್ಕೆ, ಎಲ್ಲದಕ್ಕೂ ಪುಟ್ಟಪ್ಪ ಸಿಸ್ಟರ್ಸ್. ಮೂಲ ಹಾಡಿನಲ್ಲಿ ದೂರದ ಮನೆಯಲ್ಲಿ ತಾಯಿ ಸಾಯುತ್ತಾಳೆ. ಆ ರೆಕಾರ್ಡುಗಳಲ್ಲಿ ತಾಯಂದಿರು ಸಾಲಾಗಿ ಸಾಯುತ್ತಿದ್ದರು. ಅಮ್ಮ ಅದು ಬೇಡವೇ ಬೇಡ ಎಂದು ಹಟ ಹಿಡಿದದ್ದರಿಂದ ಅಪ್ಪ ಅದೇ ರಾಗಕ್ಕೆ ಕನ್ನಡದಲ್ಲಿ ಬೇರೆ ಬರೆದರು.

ಕೂಗಿತು ಸೈರನ್, ಏಳು ಗಂಟೆ,
ಡಬ್ಬಿಯ ತುಂಬ ರೊಟ್ಟಿ ಎಂಟೆ,
ಹೋಗಿ ಬರ್ತೀನಿ ಗೇಟಿನ ತನಕ,
ಬಾಗ್ಲು ಹಾಕ್ಬೇಡ ಬರುವ ತನಕ.

ಎಂಟು ರೊಟ್ಟಿ ಯಾರೂ ತಿನ್ನುತ್ತಿರಲಿಲ್ಲ. ಪ್ರಾಸಕ್ಕೆ ತಿಂದರು.

ಎರಡು ವರ್ಷ ಎಂಟು ತಿಂಗಳ ಹಿಂದೆ ಅವಳ ಮಗ ದುಶ್ಯಂತ್ ಈ ಹಾಡನ್ನು ಫೋನಿನಲ್ಲಿ ಹಿಡಿದಿಡುತ್ತೇನೆ ಎಂದು ಒಬ್ಬೊಬ್ಬರ ಹತ್ತಿರವೂ ಬೇರೆ ಬೇರೆ ಹಾಡಿಸಿದ. ಕೇಳಿ ನೋಡಿ, 'ಅಮ್ಮಂದೇ ಒಂದು ರಾಗ, ಚಿಕ್ಕಮ್ಮಂದೇ ಒಂದು ರಾಗ. ಯಾವುದು ಸರಿ?' ಅಂದ. ನಂದು ಅಂದೆ. ನಂದು ಅಂದಳು. ನಮ್ಮ ಕಡೆ ಇಬ್ಬರು ಹಾಡಿದರೂ ಒಂದೇ ರಾಗ, ಭಜನೆಯಲ್ಲಿ ಇನ್ನೂರು ಜನ ಹಾಡಿದರೂ ಒಂದೇ ರಾಗ. ಅಂದ ಮೇಲೆ ಯಾರೋ ಒಬ್ಬರು ನಲವತ್ತು ವರ್ಷದಿಂದ ತಪ್ಪು ಹಾಡಿದ್ದಾರೆ. 'ಪಾಪ ಅಂತ ಇಷ್ಟು ದಿನ ಸಹಿಸ್ಕೊಂಡಿದ್ದೆ' ಅಂದಳು. ಪಾಪವಂತೆ! ಫೋನು ಕಿತ್ತುಕೊಂಡು ಎರಡನ್ನೂ ಅಳಿಸಿ, ಸಿಕ್ಕ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದೆ.

ಕೈ ನೋಯುತ್ತಿದೆ. ಇಷ್ಟುದ್ದ ಬರೆದದ್ದು ಪರೀಕ್ಷೆಯಲ್ಲೂ ಇಲ್ಲ.

ಜನವರಿ 17, ಶುಕ್ರವಾರ

ಬರೆಯಲು ಏನೂ ಇಲ್ಲ. ಭದ್ರಾವತಿ ಡಬ್ಬಿಯಲ್ಲೂ ಏನೂ ಇರಲಿಲ್ಲ.

ಜನವರಿ 26, ಭಾನುವಾರ

ದುಶ್ಯಂತ್ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ, ಅಲ್ಲಲ್ಲಿ ಬಂದಿದೆ. ಉಪ್ಪಿಟ್ಟು ತಿಂದು ಮುಗಿಸುವವರೆಗೂ ಹವಾಮಾನ ಮಾತಾಡಿ, ಆಮೇಲೆ ತಟ್ಟೆ ನೋಡುತ್ತಾ ಹೇಳಿದ.

'ಅಮ್ಮಂಗೆ ಫೆಬ್ರವರಿ ಇಪ್ಪತ್ತಕ್ಕೆ ಆಪರೇಷನ್. ಇಲ್ಲೇ ಶಿವಮೊಗ್ಗದಲ್ಲಿ. ಧ್ವನಿಯ ನರದ ಮೇಲೇ ಗಂಟು ಕೂತಿದೆಯಂತೆ ಚಿಕ್ಕಮ್ಮ. ಆಮೇಲೆ ಧ್ವನಿ ಹೋಗಬಹುದು, ಬರಬಹುದು, ಗ್ಯಾರಂಟಿ ಕೊಡಕ್ಕಾಗಲ್ಲ ಅಂದಿದಾರೆ.'

'ಅವಳೇನಂದ್ಲು?'

'ಏನಿಲ್ಲ. ಸ್ಕೂಲಿಗೆ ಸೀಟಿ ತಗೋತೀನಿ ಅಂದ್ಲು.'

ಹೋಗುವ ಮೊದಲು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಆ ರೆಕಾರ್ಡಿನ ಕಾಲದ ಅಮೆರಿಕದ ಹಾಡುಗಾರರ ಬಗ್ಗೆ. ಸುಮಾರು ತೊಂಬತ್ತು ವರ್ಷದ ಹಿಂದೆ ಅಲ್ಲಿ ರೇಡಿಯೋ ತುಂಬಾ ಇಂಥ ಜೋಡಿಗಳೇ ಇದ್ದವಂತೆ. ಅಣ್ಣತಮ್ಮ, ಅಕ್ಕತಂಗಿ. ಮೊದಲು ಗಂಟಲು ಹರಿದುಕೊಂಡು ಹಾಡಿದವನೇ ಹಾಡುಗಾರ. ಒಳ್ಳೆಯ ಮೈಕು ಬಂದ ಮೇಲೆ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಹಾಡಿದರೂ ಊರಿಗೆಲ್ಲ ಕೇಳತೊಡಗಿತು. ಹತ್ತಿಗಿರಣಿಯ ಹುಡುಗರು, ಹೊಲದ ಹುಡುಗರು ಒಂದು ಮ್ಯಾಂಡೊಲಿನ್, ಒಂದು ಗಿಟಾರು ಹಿಡಿದು ಮನೆಯಲ್ಲಿ ಹಾಡಿದ ಹಾಗೇ ರೇಡಿಯೋದಲ್ಲೂ ಹಾಡಿದರು. ಒಂದೇ ಮನೆಯ ಗಂಟಲು, ಒಂದೇ ಮನೆಯ ಉಚ್ಚಾರ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ. ಇದು ರಕ್ತದಲ್ಲಿ ಬರುತ್ತದೆ ಎಂದು ವಿಡಿಯೋದವನು ಕಣ್ಣರಳಿಸಿ ಹೇಳಿದ. ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುತ್ತೇನೆ, ಒಂದೂ ಹಾಡಿದ್ದು ನೋಡಿಲ್ಲ. ಆ ಜೋಡಿಗಳು ಜಗಳ ಆಡುತ್ತಿದ್ದವಂತೆ, ಎಷ್ಟೋ ಜೋಡಿ ಮುರಿದವಂತೆ. ಅದು ಮಾತ್ರ ರಕ್ತದಲ್ಲೇ ಇರುತ್ತದೆ, ಒಪ್ಪುತ್ತೇನೆ.

ಆಮೇಲೆ ವಿಡಿಯೋದವನು ಒಂದು ಮಾತು ಹೇಳಿದ. ಇಬ್ಬರದೂ ಬೇರೆ ಬೇರೆ ರಾಗವಂತೆ, ಬೇಕೆಂದೇ ಹಾಗೆ. ಕೆಳಗಿನ ಧ್ವನಿಯದು ಹಾಡು. ಮೇಲಿನ ಧ್ವನಿ ಅದರ ಜೊತೆಗೆ ಹೋಗುತ್ತದೆ ಅಷ್ಟೆ.

ಮೇಲಿನ ಧ್ವನಿ ನನ್ನದು.

'ಇದನ್ನ ನಿಮ್ಮಮ್ಮಂಗೆ ತೋರಿಸ್ದ್ಯಾ?' ಅಂದೆ.

'ಇನ್ನೂ ಇಲ್ಲ.'

'ತೋರಿಸ್ಬೇಡ. ಟೆನ್ಷನ್ ಆಗುತ್ತೆ ಅವಳಿಗೆ.'

ಯಾರಿಗೆ ಟೆನ್ಷನ್ ಎಂದು ಅವನು ಕೇಳಲಿಲ್ಲ. ಒಳ್ಳೆಯ ಹುಡುಗ.

ಜನವರಿ 27, ಸೋಮವಾರ

ಬಚ್ಚಲಲ್ಲಿ ನನ್ನದೊಂದನ್ನೇ ಹಾಡಿ ನೋಡಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ಗಮನ ಇಟ್ಟು ಕೇಳಿದ್ದು. ಅದು ಎಲ್ಲಿಂದಲೂ ಹೊರಟಿಲ್ಲ, ಎಲ್ಲಿಗೂ ಮುಟ್ಟುವುದಿಲ್ಲ. ಹೊರಗಿನಿಂದ ನಾಗೇಶ್, 'ಶೀಲಾ, ಮೋಟರ್ ಯಾಕೋ ಒಂಥರಾ ಸದ್ದು ಮಾಡ್ತಿದೆ, ಆಫ್ ಮಾಡ್ಲಾ?' ಅಂದರು.

ನಾನು ಒಗ್ಗರಣೆ. ಸಾರು ಅವಳು.

ಫೆಬ್ರವರಿ 8, ಶನಿವಾರ

ಆಪರೇಷನ್ನಿಗೆ ಮೊದಲಿನ ರಕ್ತಪರೀಕ್ಷೆಗೆ ಭದ್ರಾವತಿಯಲ್ಲಿ ನಮ್ಮ ಲ್ಯಾಬಿಗೆ ಸ್ಯಾಂಪಲ್ ತೆಗೆಯುವ ಹುಡುಗಿ ಸಮತಾಳ ಕೈಗೆ ಎರಡು ಸಲ ಚುಚ್ಚಿ, ನರ ಸಿಗದೆ, ಲ್ಯಾಬಿಗೆ ಫೋನ್ ಮಾಡಿದಳು. ಅವಳ ನರ ಎಡಮೊಣಕೈಯ ಒಳಗೆ ಸ್ವಲ್ಪ ಓರೆಯಲ್ಲಿದೆ, ಅದು ನನಗೊಬ್ಬಳಿಗೇ ಗೊತ್ತು. ಟ್ರೈನಿಂಗಿನಲ್ಲಿದ್ದಾಗ ಅವಳ ಕೈ ಮೇಲೇ ಕಲಿತದ್ದು. ಹಾಗಾಗಿ ಹೋದೆ. ಕೆಲಸದ ಮೇಲೆ ಹೋದದ್ದು.

ಬಾಗಿಲು ತೆಗೆದು ನೋಡಿದಳು. ಸಣ್ಣಗಾಗಿದ್ದಾಳೆ. ಗಂಟಲ ಹತ್ತಿರ ನಿಂಬೆಕಾಯಿಯಷ್ಟು ಎದ್ದಿದೆ.

'ಲ್ಯಾಬಿನಿಂದ ಬಂದಿದೀನಿ' ಅಂದೆ.

'ಗೊತ್ತು. ನೆಂಟಸ್ತನಕ್ಕೆ ಬಂದೆ ಅಂತ ಯಾರಂದ್ರು?'

'ತಿಂಡಿ ತಿಂದಿಲ್ಲ ತಾನೆ?'

'ತಿನ್ಬೇಡಿ ಅಂತ ನಿಮ್ಮೋರೇ ಅಂದಿದಾರೆ. ಹೊಟ್ಟೆ ಹಸಿದು ಸಾಯ್ತಿದೀನಿ.'

'ಮುಷ್ಟಿ ಹಿಡಿ.'

'ಎರಡೂವರೆ ವರ್ಷದಿಂದ ಹಿಡ್ಕೊಂಡೇ ಇದೀನಿ.'

ಒಂದೇ ಚುಚ್ಚಿಗೆ ಬಂತು. ಸೂಜಿ ತೆಗೆದು ಹತ್ತಿ ಇಟ್ಟು, ಒತ್ತಿ ಹಿಡ್ಕೋ ಅಂದೆ. ಅವಳು ಹತ್ತಿ ನೋಡಿದಳು, ಆಮೇಲೆ ನನ್ನ ಕಿವಿ ನೋಡಿದಳು. ನಗು ಬಂತು. ಇಬ್ಬರೂ ನಗಲಿಲ್ಲ. ಜಗಳ ಬಿಟ್ಟುಕೊಡಬಾರದಲ್ಲ.

ಹೊರಡುವಾಗ, 'ಡಾಕ್ಟ್ರು ಧ್ವನಿ ಬಗ್ಗೆ ಹೇಳಿದಾರೆ' ಅಂದಳು. ಹ್ಞೂಂ ಅಂದೆ. ವಿಡಿಯೋದ ವಿಷಯ ನಾಲಿಗೆಯ ತುದಿಗೇ ಬಂದಿತ್ತು. ಟ್ಯೂಬು ಬಿಸಿಲಿಗೆ ಕೆಡುತ್ತೆ ಎಂದು ಹೇಳಿ ಬಂದುಬಿಟ್ಟೆ.

ಫೆಬ್ರವರಿ 9, ಭಾನುವಾರ

ಸಮತಾಳ ಹಿಮೋಗ್ಲೋಬಿನ್ ಕಡಿಮೆ ಇದೆ. ಖರ್ಜೂರ ತಿನ್ನಲಿ ಎಂದು ದುಶ್ಯಂತನಿಗೆ ಮೆಸೇಜ್ ಹಾಕಿದೆ. ಲ್ಯಾಬಿನ ವತಿಯಿಂದ.

ಫೆಬ್ರವರಿ 13, ಗುರುವಾರ

ಹೇಳಿದರೆ ಗೆದ್ದೆ ಅನ್ನುತ್ತಾಳೆ. ಆ ಮುಖವನ್ನು ನಾನು ನೋಡಲಾರೆ. ಹೇಳದಿದ್ದರೆ, ತಾನು ನಲವತ್ತು ವರ್ಷ ಹಾಡಿದ್ದು ಸರಿಯೋ ತಪ್ಪೋ ಗೊತ್ತಾಗದೆ ಧ್ವನಿ ಕಳೆದುಕೊಳ್ಳುತ್ತಾಳೆ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಯೋಚಿಸುತ್ತಾ ಒಬ್ಬ ಮೇಷ್ಟರ ಟ್ಯೂಬಿಗೆ ಇನ್ನೊಬ್ಬರ ಚೀಟಿ ಅಂಟಿಸಲು ಹೋಗಿದ್ದೆ. ಸದ್ಯ, ಅವರೇ ನೋಡಿ ಹೇಳಿದರು.

ಫೆಬ್ರವರಿ 16, ಭಾನುವಾರ

ಬೆಳಿಗ್ಗೆಯೇ ಜನ್ನಾಪುರಕ್ಕೆ ಹೋದೆ. ಈ ಸಲ ಸೂಜಿಯ ಡಬ್ಬಿ ಇರಲಿಲ್ಲ, ಹಾಗಾಗಿ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸಮತಾ ವರಾಂಡದಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಕೂರು ಅನ್ನುವ ಮೊದಲೇ ಹೇಳಿಬಿಟ್ಟೆ.

'ನಿಂದೇ ಹಾಡು.'

'ಯಾವ ಹಾಡು?'

'ಸೈರನ್ ಹಾಡು. ನಿಂದೇ ರಾಗ. ನಂದು ಮೇಲಿಂದು, ಬರೀ ಜೊತೆಗೆ ಹೋಗೋದು. ಆರೋಗ್ಯಸ್ವಾಮಿ ಅಂಕಲ್ ಬೇಕಂತಲೇ ಇಬ್ಬರಿಗೂ ಬೇರೆ ಬೇರೆ ಕಲಿಸಿದ್ದು. ಅಮೆರಿಕದಲ್ಲಿ ಹಾಗೇ ಹಾಡ್ತಿದ್ರಂತೆ. ವಿಡಿಯೋ ಇದೆ. ನೋಡು ಬೇಕಾದ್ರೆ, ನೋಡಿ ನಗು.'

ನಗಲಿಲ್ಲ. ವಿಡಿಯೋ ಪೂರ್ತಿ ನೋಡಿದಳು. ಕೈಯಲ್ಲಿದ್ದ ಹುರುಳಿಕಾಯಿಯನ್ನು ನಾರು ತೆಗೆಯದೆಯೇ ಮುರಿದು ಪಾತ್ರೆಗೆ ಹಾಕಿದಳು. ಅವಳು ಹಾಗೆ ಮಾಡುವವಳಲ್ಲ.

'ನಂದು ಮೇಲಿಂದಾಗಿದ್ರೆ ಚೆನ್ನಾಗಿತ್ತು ಕಣೇ' ಅಂದಳು. 'ಹೋದ್ರೆ ಹೋಗ್ತಿತ್ತು. ಹಾಡು ನಿನ್ನ ಹತ್ರ ಉಳೀತಿತ್ತು. ಈಗ ನೋಡು, ನಂದೇ ಹಾಡು ಅಂತೀಯ. ನನಗೆ ಧ್ವನಿ ಇರೋದು ಇನ್ನು ನಾಕು ದಿನ.'

ಇಷ್ಟು ದಿನ ಅವಳ ಗೆದ್ದ ಮುಖಕ್ಕೆ ಹೆದರಿದ್ದೆ. ಈ ಮುಖಕ್ಕೆ ನಾನು ತಯಾರಾಗಿರಲಿಲ್ಲ. ಅತ್ತುಬಿಟ್ಟೆ. ಬರೆಯಲು ನಾಚಿಕೆಯೇನಿಲ್ಲ, ಅವಳೂ ಅತ್ತಳು. ದುಶ್ಯಂತ್ ಬಾಗಿಲಿಗೆ ಬಂದು ನೋಡಿ ಹಾಗೇ ಹಿಂದಕ್ಕೆ ಹೋದ.

ಕಣ್ಣೊರೆಸಿಕೊಂಡ ಮೇಲೆ ಅವನನ್ನು ಕರೆದು ಫೋನಿನಲ್ಲಿ ಹಿಡಿಯಲು ಹೇಳಿದೆ. ಅಕ್ಕ ಬೇಡ ಅಂದಳು. 'ಹಾಡು ಉಪ್ಪಿನಕಾಯಿ ಅಲ್ಲ, ಡಬ್ಬಿಯಲ್ಲಿ ಹಾಕಿಡಕ್ಕೆ. ನೀನು ಕಲಿ.'

'ನಾನಾ? ಈ ವಯಸ್ಸಲ್ಲಾ?'

'ನಾಕು ವರ್ಷದ ಮಕ್ಕಳು ಕಲೀತಾವೆ. ಕೂತ್ಕೋ. ಚಕ್ಕಳ ಮಕ್ಕಳ ಹಾಕು.'

ಕೂತೆ. ಗಂಟಲು ಕಟ್ಟಿದ್ದರಿಂದ ಅವಳು ಒಂದೊಂದೇ ಸಾಲನ್ನು ಅರ್ಧ ಧ್ವನಿಯಲ್ಲಿ ಹೇಳಿಕೊಟ್ಟಳು. ನಾನು ಪ್ರತಿ ಸಲವೂ ಮೂರನೇ ಪದಕ್ಕೆ ಮೇಲಕ್ಕೆ ಹಾರುತ್ತಿದ್ದೆ. ಹಾರಿದಾಗಲೆಲ್ಲ ಸ್ಕೇಲಿನಲ್ಲಿ ಮಂಡಿಗೆ ಒಂದು ಏಟು. 'ಇಳಿ ಕೆಳಗೆ. ಇಳಿಯೇ. ನಿನಗೆ ಯಾವಾಗ್ಲೂ ಮೇಲೇ ಇರ್ಬೇಕು.' ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ಬಂದವು, ಮಂಡಿ ಊದಿತ್ತು. ಅವರ ಸ್ಕೂಲಿನ ಮಕ್ಕಳ ಬಗ್ಗೆ ನನಗೆ ಕನಿಕರ ಹುಟ್ಟಿದೆ.

ಫೆಬ್ರವರಿ 18, ಮಂಗಳವಾರ

ಡ್ಯೂಟಿ ಮುಗಿಸಿ ದಿನಾ ಜನ್ನಾಪುರ. ಬಸ್ಸಿನಲ್ಲಿ ಅಕ್ಕನದನ್ನು ಗುನುಗಿದರೆ ಪಕ್ಕದವರು ಸೀಟು ಬಿಟ್ಟು ಹೋಗುತ್ತಾರೆ. ಒಳ್ಳೆಯದೇ, ಕಿಟಕಿ ಸಿಗುತ್ತದೆ.

ನಾಲ್ಕೂ ಸಾಲು ಬಂದಿದೆ. ಅಕ್ಕ ಕೇಳಿ, 'ಪಾಸು. ಡಿಸ್ಟಿಂಕ್ಷನ್ ಇಲ್ಲ' ಅಂದಳು.

ಫೆಬ್ರವರಿ 20, ಗುರುವಾರ

ಒಳಗೆ ಕರೆದುಕೊಂಡು ಹೋದರು. ಹೊರಗಿನ ಕುರ್ಚಿಯಲ್ಲಿ ಕೂತಿದ್ದೇನೆ. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ನನಗೆ, 'ಮೂರನೇ ಸಾಲು ಎಳೀಬೇಡ' ಅಂದಳು. ಅದೇ ಕೊನೆಯ ಮಾತು. ಕೊನೆಯ ಅಂದರೆ, ಇವತ್ತಿಗೆ ಕೊನೆಯ.

ದುಶ್ಯಂತ್ ಟೀ ತಂದ. ಕುಡಿಯಲಾಗಲಿಲ್ಲ. ನಾಗೇಶ್ ಪೇಪರು ಬಿಟ್ಟು ಬಂದಿದ್ದಾರೆ, ಇದನ್ನು ಮಾತ್ರ ದಾಖಲಿಸಬೇಕು.

ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ. ಬರೆಯುತ್ತದೋ ಇಲ್ಲವೋ ನೋಡಲು ಮೊದಲ ಪುಟದ ಖಾಲಿ ಗೆರೆಯ ಮೇಲೆ ಸಮತಾ, ಜನ್ನಾಪುರ ಎಂದು ಬರೆದೆ. ಬರೆಯಿತು.

ಫೆಬ್ರವರಿ 21, ಶುಕ್ರವಾರ

ಚೆನ್ನಾಗಿದ್ದಾಳೆ. ಬಾಯಿ ತೆರೆದರೆ ಗಾಳಿ ಬರುತ್ತದೆ, ಶಬ್ದ ಬರುವುದಿಲ್ಲ. ನರ ಕಡಿದಿಲ್ಲ, ಎಳೆದದ್ದಕ್ಕೆ ಸೋತಿದೆ, ಕಾದು ನೋಡಬೇಕು ಅಂದರು.

ಮಾರ್ಚ್ 2, ಭಾನುವಾರ

ಗಂಟಿನ ರಿಪೋರ್ಟು ನಿನ್ನೆ ನಮ್ಮ ಲ್ಯಾಬಿನಲ್ಲೇ ಆಯಿತು. ಕ್ಯಾನ್ಸರ್ ಇಲ್ಲ. ಟೈಪ್ ಮಾಡುವಾಗ ಅದೊಂದು ಸಾಲನ್ನು ಎರಡು ಸಲ ಹೊಡೆದಿದ್ದೆ, ಡಾಕ್ಟರು ಒಂದನ್ನು ತೆಗೆಸಿದರು.

ಜನ್ನಾಪುರಕ್ಕೆ ಹೋಗಿ ಹೇಳಿದೆ. ಅಕ್ಕ ಸ್ಲೇಟಿನ ಮೇಲೆ 'ಸರಿ. ಹಾಡು' ಎಂದು ಬರೆದಳು. ಅವಳದನ್ನು ಹಾಡಿದೆ, ಒಬ್ಬಳೇ, ನಾಲ್ಕೂ ಸಾಲು. ನನಗೆ ಚೆನ್ನಾಗಿಯೇ ಬಂತು ಅನ್ನಿಸಿತು. ಹಾಡು ನನ್ನದೇ ಎಂದು ಎರಡೂವರೆ ವರ್ಷ ಮಾತು ಬಿಟ್ಟಿದ್ದೆ, ಈಗ ಪೂರ್ತಿ ನನ್ನದೇ. ಮುಗಿದ ಮೇಲೆ ಅವಳು ಸ್ಲೇಟು ಒರೆಸಿ, ಮತ್ತೇನೂ ಬರೆಯದೆ ಸುಮ್ಮನೆ ಹಿಡಿದುಕೊಂಡು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 11, ಮಂಗಳವಾರ

ದುಶ್ಯಂತ್ ಫೋನ್ ಮಾಡಿದ. ಅಕ್ಕ ಇವತ್ತು ತರಕಾರಿಯವನ ಜೊತೆ ಜಗಳ ಮಾಡಿದಳಂತೆ. ಬಾಯಲ್ಲಿ! ಕಪ್ಪೆ ಕೂಗಿದ ಹಾಗಿತ್ತಂತೆ, ಆದರೆ ಕೊತ್ತಂಬರಿ ಕೊಟ್ಟು ಹೋದನಂತೆ. ನಾಗೇಶ್‌ಗೆ ಕೇಸರಿಬಾತ್ ಮಾಡಿಕೊಟ್ಟೆ. ಯಾಕೆ ಎಂದು ಕೇಳಿದರು, ಬುಧವಾರ ಅದಕ್ಕೆ ಅಂದೆ. ಮಂಗಳವಾರ ಅಲ್ವಾ ಅಂದರು.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಜನ್ನಾಪುರ ತಲುಪಿದೆ. ಅಕ್ಕನ ಧ್ವನಿ ಅಷ್ಟಿಷ್ಟು ಬಂದಿದೆ, ಮೊದಲಿನದಲ್ಲ. ಒರಟು, ಇನ್ನೂ ಕೆಳಗೆ, ಅಪ್ಪ ನೆಗಡಿಯಾದಾಗ ಮಾತಾಡುತ್ತಿದ್ದ ಹಾಗೆ. ದೋಸೆ ತಿಂದಾದ ಮೇಲೆ, ನೋಡೋಣವಾ ಅಂದಳು. ನಾನು ಅಭ್ಯಾಸಬಲದಿಂದ ಬ್ಯಾಗಿನಿಂದ ಹತ್ತಿ ತೆಗೆದು ಎಡಗಿವಿಗೆ ಇಡಲು ಹೋದೆ.

'ಯಾಕೆ ಹತ್ತಿ?'

'ನಿಂದು ಕೇಳಿಸಿದ್ರೆ ನಂದು ತಪ್ಪುತ್ತೆ.'

'ಇರೋದೇ ಇಷ್ಟು ಧ್ವನಿ. ಅದನ್ನೂ ಕೇಳಿಸ್ಕೊಳ್ಳಲ್ಲ ಅಂತೀಯಾ? ತೆಗಿ ಅದನ್ನ.'

ತೆಗೆದೆ. ಅವಳು ಕಣ್ಣು ಮುಚ್ಚಿ ಶುರುಮಾಡಿದಳು. ನಲವತ್ತು ವರ್ಷ ಪಕ್ಕದಲ್ಲೇ ನಿಂತು ಹಾಡಿದವಳು ನಾನು, ಜೊತೆಗೆ ಹಾಡುವಾಗ ಅವಳನ್ನು ಎರಡೂ ಕಿವಿಯಿಂದ ಕೇಳಿದ್ದು ಇದೇ ಮೊದಲು. ಸೈರನ್ ಅನ್ನುವಾಗಲೇ ಧ್ವನಿ ಒಡೆಯಿತು. ಬೀಳುತ್ತಾಳೆ ಅನ್ನಿಸಿ ನಾನು ಓಡಿಹೋಗಿ ಕೆಳಗೆ ಸೇರಿಕೊಂಡೆ, ಅವಳದೇ ಸಾಲಿಗೆ. ಇಬ್ಬರೂ ಒಂದೇ ರಾಗ. ಭಜನೆಯ ಹಾಗೆ.

ಮಂಡಿಗೆ ಏಟು ಬಿತ್ತು. ಸ್ಕೇಲು ಎಲ್ಲಿ ಇಟ್ಟುಕೊಂಡಿದ್ದಳೋ.

'ಅದು ನಂದು. ನೀನು ನಿಂದು ಹಾಡೇ.'

'ನಿಂಗೆ ಆಸರೆ ಇರ್ಲಿ ಅಂತ ಅಕ್ಕ.'

'ಆಸರೆ ಬೇಡ ಮಾರಾಯ್ತಿ. ಮೇಲೆ ನೀನಿಲ್ದಿದ್ರೆ ನಾನು ಎಲ್ಲಿದೀನಿ ಅಂತ ನನಗೇ ಗೊತ್ತಾಗಲ್ಲ.'

ಮತ್ತೆ ಶುರುವಾಯಿತು. ನನ್ನದು ಮರೆತೇ ಹೋಗಿದೆಯೇನೋ ಎಂದು ಹೆದರಿದ್ದೆ. ಇತ್ತು, ಇಟ್ಟಲ್ಲೇ ಇತ್ತು. ಡಬ್ಬಿ ತುಂಬಿತು, ರೊಟ್ಟಿ ಎಂಟಾಯಿತು, ಗೇಟಿನ ತನಕ ಹೋದೆವು. ಕೊನೆಯ ಸಾಲಿನಲ್ಲಿ, ಬಾಗ್ಲು ಹಾಕ್ಬೇಡ ಅನ್ನುವಲ್ಲಿ, ಅಕ್ಕನ ಧ್ವನಿ ನಿಂತುಹೋಯಿತು. ಬಾಯಿ ತೆರೆದೇ ಇತ್ತು. ಕೆಳಗೆ ಏನೂ ಇಲ್ಲ. ದಾರಿಯಲ್ಲಿ ಹೋಗುವವರಿಗೆ ನನ್ನದೊಂದೇ ಕೇಳುತ್ತಿದೆ, ಕೆಟ್ಟ ಮೋಟರಿನ ಹಾಗೆ. ಇಳಿದು ಅವಳ ಸಾಲು ಹಿಡಿಯೋಣವೇ ಅನ್ನಿಸಿತು. ಹಿಡಿಯಲಿಲ್ಲ. ಅಲ್ಲೇ ಮೇಲೆ ಆ ಒಂದು ಸ್ವರದ ಮೇಲೆ ಉಸಿರು ಇರುವಷ್ಟು ಹೊತ್ತು ನಿಂತುಕೊಂಡೆ.

ಬಂದಳು. ಸ್ವಲ್ಪ ತಡವಾಗಿ ಬಂದಳು. ಚಿಕ್ಕಂದಿನಿಂದಲೂ ಅವಳದು ತಡವೇ.